ಬಾಬತ್ತು

ತೆಗ್ಗಿ ಮೇಡಂ ಮೊದಲ ದಿನ ಹೇಳಿದ್ದು ಎರಡೇ ಮಾತು:
ಹಾಳೆ ಮುಟ್ಟೂ ಮುಂಚೆ ಕೈ ತೊಳೀರಿ,
ಯಂತ್ರಕ್ಕ ಓದಾಕ ಕೊಡೂ ಮುಂಚೆ ನೀವು ಓದ್ರಿ.
ನಾವು ಕೈ ಮಾತ್ರ ತೊಳೆದೆವು.

ನೀರಿಗೆ ಹೋದ ಹಳೇ ಬಾಗಲಕೋಟೆ,
ಅದರ ಪೇಟೆಯ ಒಂದು ಖಾನಾವಳಿಯ ಕಿರ್ದಿ.
ಕೆಂಪು ಬಟ್ಟೆಯ ರಟ್ಟು, ಒಳಗೆ ಜೀರಿಗೆಯಂಥ ಅಕ್ಷರ,
ಎಪ್ಪತ್ತೊಂದನೇ ಇಸವಿಯ ದೀಪಾವಳಿ ಪಾಡ್ಯಕ್ಕೆ ಶುರು.
ಮೊದಲ ಪುಟದ ಅರಿಷಿಣ ಇನ್ನೂ ಬೆರಳಿಗೆ ಹತ್ತುತ್ತದೆ.
ಯಮನೂರ ಫೋಟೊ ಹೊಡೆದ,
ಟ್ಯೂಬ್‌ಲೈಟಿನ ಹೊಳಪು ಬೀಳದಂತೆ ತಬಸ್ಸುಮ್ ದುಪಟ್ಟಾ ಹಿಡಿದಳು,
ನಾನು ಕಂಪ್ಯೂಟರಿನಲ್ಲಿ ಮನೆ ಕೊರೆಯುತ್ತ ಕೂತೆ:
ತಾರೀಖು, ಹೆಸರು, ಬಾಬತ್ತು, ರೊಕ್ಕ.

ಯಂತ್ರ ಓದಿತು: ಪಾಲು ಎರಡು ಸೇರು.
ಪಾಲು ಒಂದೂವರೆ ಸೇರು.
ಪಾಲಿನಲ್ಲಿ ನೀರು, ಗೌಳಿಗೆ ತಾಕೀತು ಮಾಡಿದ್ದು.
ಮಸಿ ಹೀರಿದ ಕಡೆಯೆಲ್ಲ ಅದಕ್ಕೆ ಹಕಾರ ಪಕಾರವಾಗಿ ಕಂಡಿತ್ತು.
ಬಿದ್ದು ಬಿದ್ದು ನಕ್ಕೆವು.
“ಸಾವಿರ ವರ್ಷದ ಹಿಂದ ಹಾಲಿಗೆ ಪಾಲ್ ಅಂತನ ಅಂತಿದ್ರು,
ಅದು ತಪ್ಪಿಲ್ಲ, ತಡಾ ಆಗೇತಿ” ಅಂದರು ಮೇಡಂ.

ಯಮನೂರ ನಗಲಿಲ್ಲ.
ಪರಿಹಾರದ ರೊಕ್ಕ ಬಂದ ವರ್ಷ
ಅವನ ಅಜ್ಜ ಮತ್ತು ಅಜ್ಜನ ತಮ್ಮಂದಿರು
ಒಂದೇ ಓಣಿಯಲ್ಲಿ ಮೂರು ದಾರಿ ಹಿಡಿದು ನಡೆದರಂತೆ.
“ನಮ್ಮನ್ಯಾಗ ಹಾಲೂ ಒಡದಾವು, ಪಾಲೂ ಒಡದಾವು.
ಯಾವುದನ್ನ ತಿದ್ದಲಿ?” ಅಂದ.
ಅಂದವನೇ ತಿದ್ದತೊಡಗಿದ, ಒಂದೊಂದೇ ಸಾಲು,
ಎಲ್ಲವನ್ನೂ ಒಮ್ಮೆಲೇ ಬದಲಿಸುವ ಗುಂಡಿ ಇದ್ದರೂ.

ರೊಕ್ಕದ ಕಾಲಂ ಸುಲಭ. ಹೆಸರಿನದು ಹಾಗಲ್ಲ.
ಶ್ರಾವಣದಲ್ಲಿ ಬಾಳ್ಯಾ, ಬಾಕಿ ಏಳು ರೂಪಾಯಿ.
ದಸರೆಗೆ ಬಾಳಪ್ಪ, ನಾಲ್ಕು ಕೊಟ್ಟ.
ಸುಗ್ಗಿ ಮುಗಿದ ಮೇಲೆ ಬಾಳಪ್ಪನವರು, ಚುಕ್ತಾ.
ತಂತ್ರಾಂಶ ಕೇಳುತ್ತದೆ:
ಈ ಮೂವರೂ ಒಬ್ಬರೇ? ಕೂಡಿಸಲೇ?
ಬೆರಳು ‘ಹೌದು’ ಎಂಬಲ್ಲಿ ಹೋಗಿ ನಿಂತಿತು.
ಕೂಡಿಸಿದರೆ ಮನುಷ್ಯನೊಬ್ಬ ಉಳಿಯುತ್ತಾನೆ ಖರೆ,
ಒಂದು ‘ನವರು’ ಗಳಿಸಲು ಅವನಿಗೆ ಹಿಡಿದ
ಆರು ತಿಂಗಳು ಅಳಿಸಿ ಹೋಗುತ್ತವೆ.
ತಬಸ್ಸುಮ್ ಹೊಸ ಕಾಲಂ ತೆಗೆದಳು.
ಅದಕ್ಕೇನು ಹೆಸರಿಡುವುದೆಂದು ಜಗಳಾಡುತ್ತ ಕರೆಂಟು ಹೋಯಿತು.
ಇವತ್ತಿಗೂ ಅದು ಬರೀ ‘ಎಫ್’.

ಆಮೇಲೆ ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ, ವಾರಕ್ಕೆ ಎರಡು ಸಲ:
ದಾನವ್ವಗ ಊಟ. ಲೆಕ್ಕಕ್ಕಿಲ್ಲ.
ಸೊನ್ನೆ ಹಾಕು ಅಂದೆ.
ಸೊನ್ನೆ ಅಂದರೆ ಬೆಲೆ ಇಲ್ಲ ಅಂತಾಗುತ್ತದೆ ಅಂದ ಯಮನೂರ.
ಖಾಲಿ ಬಿಡು ಅಂದೆ.
ಖಾಲಿ ಅಂದರೆ ನಮಗೆ ಗೊತ್ತಿಲ್ಲ ಅಂತಾಗುತ್ತದೆ ಅಂದಳು ತಬಸ್ಸುಮ್.
ಗೊತ್ತಿತ್ತಲ್ಲ ನಮಗೆ. ಎರಡು ರೊಟ್ಟಿ, ಪುಂಡಿಪಲ್ಯ.
ಮೇಡಂ ಕನ್ನಡಕ ತೆಗೆದು ಒರೆಸಿದರು, ಏನೂ ಹೇಳಲಿಲ್ಲ.

ಮೇ ತಿಂಗಳಲ್ಲಿ ಘಟಪ್ರಭೆ ಹಿಂದೆ ಸರಿದಾಗ
ನಕಾಶೆ ಕೂಡಿಸಲು ಹೋದೆವು.
ಫೋನಿನೊಳಗೆ ನಾವು ಮೂರು ನೀಲಿ ಚುಕ್ಕೆ,
ನಟ್ಟನಡು ನೀರಿನಲ್ಲಿ.
ಚಪ್ಪಲಿಯ ಕೆಳಗೆ ಬಿರಿದ ಕೆಸರು ಹಪ್ಪಳದಂತೆ ಮುರಿಯುತ್ತಿತ್ತು.
“ಮುಳುಗೇವಿ ನೋಡ್ರಿ” ಎಂದು ತಬಸ್ಸುಮ್ ಕೈ ಎತ್ತಿದಳು,
ದೂರದಲ್ಲಿ ಎಮ್ಮೆ ಕಾಯುವ ಹುಡುಗ ತಾನೂ ಕೈ ಎತ್ತಿದ.

ಖಾನಾವಳಿ ಇದ್ದ ಅಂದಾಜಿನಲ್ಲಿ ಒಂದು ಒರಳು,
ನೆಲಕ್ಕೆ ಹೂತದ್ದು, ಯಾರೂ ಕಿತ್ತು ಒಯ್ಯಲಾಗದ್ದು.
ಅದರ ಗುಣಿಯಲ್ಲಿ ಅಂಗೈಯಷ್ಟು ಹೊಳಿ ಉಳಿದಿತ್ತು.
ಅಕ್ಷಾಂಶ ಬರೆದೆ, ರೇಖಾಂಶ ಬರೆದೆ.
‘ಖಚಿತತೆ’ ಎಂಬ ಮನೆಯಲ್ಲಿ ಏನು ತುಂಬಲಿ ಅಂದೆ.
ಯಮನೂರ ಫೋನು ಇಸಿದುಕೊಂಡು
ಬಿಸಿಲಿಗೆ ಕೈ ಅಡ್ಡ ಹಿಡಿದು ಒತ್ತಿದ:
ಮೇ ತಿಂಗಳು ಮಾತ್ರ.