ಸ್ವಿಚ್ಚು ಹಾಕಿಯೇ ಇತ್ತು

ಯೆರೆವಾನಿನ ಆ ಚಳಿಗಾಲ
ಮನೆಯೊಳಗೇ ಬಂದು ಕೂತಿತ್ತು, ಕೋಟು ಬಿಚ್ಚದೆ.
ನಾಲ್ಕನೇ ಮಹಡಿ. ಕಿಟಕಿಯ ಗಾಜು ತೆಗೆದು
ತಗಡು ಬಡಿದು, ಅದರ ತೂತಿನಿಂದ
ಒಲೆಯ ಕೊಳವೆ ಹೊರಗೆ ಚಾಚಿದ್ದೆವು.
ಎದುರು ಕಟ್ಟಡಕ್ಕೂ ಅಂಥವೇ ಕೊಳವೆಗಳು,
ಇಡೀ ಬೀದಿ ಚುಟ್ಟಾ ಸೇದುತ್ತಿರುವ ಹಾಗೆ.

ಮೊದಲು ಸುಟ್ಟದ್ದು ಕುರ್ಚಿ. ಆಮೇಲೆ ಅಪ್ಪನ ಬೀಜಗಣಿತದ ಪುಸ್ತಕ.
ಆಮೇಲೆ ನೆಲ.
ಹೌದು, ನೆಲವನ್ನೇ. ಓಕ್ ಮರದ ಪಟ್ಟಿಗಳನ್ನು
ಒಂದೊಂದಾಗಿ ಎಬ್ಬಿಸಿ, ದಿನಕ್ಕೆ ಏಳರಂತೆ.
ಅಮ್ಮ ಶುಶಾನಿಕ್ ಲೆಕ್ಕ ಇಟ್ಟಿದ್ದಳು:
ಮಾರ್ಚ್ ಹನ್ನೊಂದಕ್ಕೆ ಮಂಚದ ಕೆಳಗಿನದೂ ಮುಗಿಯುತ್ತದೆ.

ಸೆಡ್ರಾಕನ ಕಾಗದ ಬಂದು ಎಪ್ಪತ್ತು ದಿನ.
ಅವನು ಗಡಿಯಲ್ಲಿದ್ದ. ಗಡಿ ಎಂದರೆ ನನಗಾಗ
ನಕ್ಷೆಯ ಕೆಂಪು ಗೆರೆ, ಅದರ ಮೇಲೆ ನಿಂತ ಅಣ್ಣ.

ಅಜ್ಜಿ ಹೆಘಿನೆ ಬಟ್ಟಲು ನೋಡಿ ಭವಿಷ್ಯ ಹೇಳುವವಳು.
ಕಾಫಿಯ ಗಸಿಯಲ್ಲಿ ಮದುವೆ, ಪಯಣ, ಶತ್ರು, ಮೀನು
ಎಲ್ಲ ಕಾಣುತ್ತಿತ್ತಂತೆ.
ಈಗ ಕಾಫಿ ಎಲ್ಲಿ? ಹುರಿದ ಬಾರ್ಲಿಯ ಕಷಾಯ.
ಅಮ್ಮ ಬಟ್ಟಲು ಬೋರಲು ಹಾಕಿ ಮುಂದೆ ತಳ್ಳಿದಳು, ಏನೂ ಕೇಳದೆ.
ಅಜ್ಜಿ ತಿರುಗಿಸಿದಳು, ತಿರುಗಿಸಿದಳು,
"ಬಾರ್ಲಿಗೆ ಏನು ಗೊತ್ತು, ಪಾಪ"
ಎಂದು ತೊಳೆಯಲು ಎದ್ದಳು.
ನಲ್ಲಿಯಲ್ಲಿ ನೀರಿರಲಿಲ್ಲ.
ಬಟ್ಟಲು ಹಿಡಿದು ಹಾಗೇ ನಿಂತಳು.

ಆ ರಾತ್ರಿ ಅಮ್ಮ ಪ್ರಾರ್ಥನೆ ಬಿಟ್ಟಳು.
ಜಗಳವಾಡಿ ಬಿಡಲಿಲ್ಲ. ಹಾಲಿನವನನ್ನು ಬಿಡಿಸುವ ಹಾಗೆ:
ನಾಳೆಯಿಂದ ಬೇಡ, ಅಷ್ಟೆ.

ಕರೆಂಟು ದಿನಕ್ಕೆ ಒಂದು ಗಂಟೆ.
ಯಾವ ಗಂಟೆ ಎಂದು ಯಾರಿಗೂ ಹೇಳಿ ಬರುತ್ತಿರಲಿಲ್ಲ.
ಅದಕ್ಕೇ ಅಜ್ಜಿ ಮಲಗುವ ಮುನ್ನ
ಕತ್ತಲಲ್ಲಿ ಗೋಡೆ ತಡವಿ
ಸ್ವಿಚ್ಚು ಹಾಕಿಯೇ ಇದೆಯೇ ಎಂದು ಬೆರಳಲ್ಲಿ ಕೇಳುತ್ತಿದ್ದಳು.
ಒಮ್ಮೆ ಒತ್ತಿದರೆ ಸಾಕಲ್ಲ; ಅವಳು ದಿನಾ ಮುಟ್ಟುವಳು.
"ಅದು ಬಂದಾಗ ಬಾಗಿಲು ಹಾಕಿರಬಾರದು ನೋಡು."

ಅಂದು ಅಜ್ಜಿ ಮಲಗಿದ ಮೇಲೆ ಅಮ್ಮ ಅದನ್ನು ಆರಿಸಿದಳು.
ಟಕ್.
ಸಾಬೂನು ಪೆಟ್ಟಿಗೆ ಮುಚ್ಚಿದಷ್ಟು ಸಣ್ಣ ಸದ್ದು.

ಆಮೇಲೆ ಎಷ್ಟು ಹೊತ್ತೋ.
ಅಜ್ಜಿಯ ಗೊರಕೆ, ಒಲೆಯಲ್ಲಿ ಬೂದಿ ಕುಸಿಯುವುದು,
ಕೆಳಗೆಲ್ಲೋ ನಾಯಿ.
ಪಟ್ಟಿ ಕಿತ್ತ ನೆಲದ ಸಿಮೆಂಟು
ಪಾದ ಕಚ್ಚುತ್ತಿದ್ದರೂ
ಎದ್ದು ಹೋಗಿ ಹಾಕಿದೆ.
ಭಕ್ತಿಯಿಂದಲ್ಲ. ಒಂಬತ್ತು ವರ್ಷದವಳಿಗೆ ಎಂಥ ಭಕ್ತಿ?
ಕತ್ತಲೆಂದರೆ ಭಯ.

ಮೂರು ಗಂಟೆ ಹದಿನೇಳು ನಿಮಿಷ.
ಮೊದಲು ಫ್ರಿಜ್ಜು ಮೈ ಕೊಡವಿತು, ಖಾಲಿ ಹೊಟ್ಟೆಯಲ್ಲೇ.
ಬಲ್ಬು, ನಲವತ್ತು ಕ್ಯಾಂಡಲಿನದು, ನೊಣ ಕೂತು ಮಚ್ಚೆಯಾದದ್ದು,
ಕಣ್ಣು ಬಿಟ್ಟಿತು.
ಗೋಡೆಯಾಚೆ ವರಜ್ದಾತ್ ಮಾಮ, ಮೇಲಿನ ಮನೆ, ಕೆಳಗಿನ ಮನೆ,
ಇಡೀ ಕಟ್ಟಡ ಒಂದೇ ಗಂಟಲಲ್ಲಿ:
ಬಂತು! ಬಂತು! ಬೆಳಕು ಬಂತು!
ಸತ್ತವರು ಎದ್ದರೂ ಇಷ್ಟು ಕೂಗುತ್ತಿರಲಿಲ್ಲ.
ಯಾರೋ ಇಸ್ತ್ರಿಗಿಟ್ಟರು, ಯಾರೋ ರೇಡಿಯೋಗೆ ಕಿವಿಯಿಟ್ಟರು,
ಅಜ್ಜಿ ಹಿಟ್ಟಿನ ಪಾತ್ರೆ ಎಳೆದಳು.

ಅಮ್ಮ ಎದ್ದು ಕೂತಿದ್ದಳು.
ಬಲ್ಬು ನೋಡಿದಳು. ಸ್ವಿಚ್ಚು ನೋಡಿದಳು.
ತನ್ನ ಬೆರಳು ನೋಡಿದಳು.
ನಾನು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ.

ನಮ್ಮಲ್ಲಿ ಬೆಳಗಾದರೆ "ಬರಿ ಲುಯ್ಸ್" ಅನ್ನುತ್ತೇವೆ,
ಒಳ್ಳೆಯ ಬೆಳಕು ಎಂದು.
ಅಮ್ಮ ಅದನ್ನು ಅಂದಳು, ಮೆಲ್ಲಗೆ, ಆ ಸರಿರಾತ್ರಿ.
ಅಜ್ಜಿಗಲ್ಲ, ನನಗಲ್ಲ.

ಸೆಡ್ರಾಕ್ ಬಂದನೇ ಎಂದು ಕೇಳಬೇಡಿ.
ಆ ಮಾತು ಇನ್ನೊಂದು ದಿನದ್ದು.

ಮೂವತ್ತು ವರ್ಷ ನಾನು ಹೇಳಲೇ ಇಲ್ಲ.
ಕಳೆದ ಈಸ್ಟರಿಗೆ, ಈರುಳ್ಳಿ ಸಿಪ್ಪೆಯ ನೀರಿನಲ್ಲಿ
ಮೊಟ್ಟೆಗಳು ಕೆಂಪೇರುತ್ತಿದ್ದಾಗ, ಬಾಯಿಬಿಟ್ಟೆ:
ಅಮ್ಮಾ, ಆ ರಾತ್ರಿ ಸ್ವಿಚ್ಚು...
"ಗೊತ್ತು" ಎಂದಳು, ಸೌಟು ನಿಲ್ಲಿಸದೆ.
"ನಿನ್ನ ಪಾದ ಮುಟ್ಟಿ ನೋಡಿದ್ದೆ. ಮಂಜುಗಡ್ಡೆ."
ಮತ್ತೆ?
"ಮತ್ತೇನು.
ಯಾರನ್ನಾದರೂ ಎಬ್ಬಿಸಿ ಕಳಿಸಲೇಬೇಕಿತ್ತಲ್ಲ, ಅವನು."