ಆರಿಲ್ಲ

ಕೌಲ್ ಬಜಾರಿನ ಹಿಂದಿನ ಈ ಗಲ್ಲಿಗೆ ಹೆಸರಿಲ್ಲ.
ಪೋಸ್ಟಿನವನು ಕೇಳಿದರೆ ಜೀನ್ಸ್ ಹೊಲಿಯೋ ಗಲ್ಲಿ ಅಂತೀವಿ,
ಬಳ್ಳಾರ್ಯಾಗ ಅದು ಯಾವುದಲ್ಲ ಹೇಳ್ರಿ, ಅಂತಾನೆ.
ನಾನು ಇಸ್ತ್ರಿಯವನು. ಕಿಟಕಿ ನನ್ನದು.
ಅಂಗಳದಲ್ಲಿ ನಡೆಯುವುದೆಲ್ಲ
ಆವಿಯ ಹಿಂದಿನಿಂದ ಮೊದಲು ನನಗೇ ಕಾಣುತ್ತದೆ.

ದಾಳ ಹೊಲಿದವಳು ಹುಲಿಗೆಮ್ಮನ ಮಗಳು ಸುಂಕಮ್ಮ.
ಕಟಿಂಗ್ ಮಾಸ್ಟರು ಬಿಸಾಕಿದ ಆರು ತುಂಡು,
ಕಿತ್ತಳೆ ದಾರ, ಹೊಟ್ಟೆಯೊಳಗೆ ಚಿಂದಿ,
ಚುಕ್ಕಿಗೆ ರಿಜೆಕ್ಟಾದ ಹಿತ್ತಾಳೆ ಗುಂಡಿ, ಎಣಿಸಿ ಇಪ್ಪತ್ತೊಂದು.
ಮೊದಲ ದಿನ ಅದು ದಾಳವಲ್ಲ, ದಿಂಬು.
ಎಸೆದರೆ ಯಾವ ಮಗ್ಗುಲಿಗೂ ನಿಲ್ಲದೆ
ಉರುಳುರುಳಿ ಚರಂಡಿ ಸೇರಿತು.
ತೊಳೆದು, ಗಂಜಿ ಹಾಕಿ, ಅಂಚಂಚಿಗೂ ಇಸ್ತ್ರಿ ಎಳೆದು
ಅದಕ್ಕೆ ಮೂಲೆ ಕೊಟ್ಟವನು ನಾನು.
ಯಾರೂ ಹೇಳುವುದಿಲ್ಲ, ಅದಕ್ಕೆ ನಾನೇ ಹೇಳುತ್ತಿದ್ದೇನೆ.

ಒಬ್ಬರು ಎಸೆದದ್ದನ್ನು ಎಲ್ಲರೂ ಅನುಭವಿಸಬೇಕು, ಇದು ಆಟ.
ಒಂದು ಬಿದ್ದರೆ ಲಾರಿ ಟೈರಿನೊಳಗೆ ಸಾಲಾಗಿ ನುಸುಳು.
ಹೊನ್ನೂರವಲಿ ದಪ್ಪ,
ಅವನ ಹಿಂದೆ ನಿಂತವರು ಮಗ್ಗಿ ಕಲಿತಿದ್ದಾರೆ.
ಎರಡಕ್ಕೆ ಗೋಣಿಚೀಲದ ಸಾಲಿನ ಮೇಲೆ ಕುಂಟು.
ಮೂರು ಅಂದರೆ ವಾಷಿಂಗ್ ನೀರಿನ ಕಾಲುವೆ ಹಾರು,
ತಪ್ಪಿದವರ ಪಾದ ಎರಡು ದಿನ ನೀಲಿ,
ಶಾಲೆಯ ಮೇಷ್ಟ್ರು ಚಪ್ಪಲಿ ಬಿಡಿಸಿ ನೋಡಿ ಹಾಜರಿ ಹಾಕುತ್ತಾರೆ.
ನಾಲ್ಕಕ್ಕೆ ಕೈಕೈ ಹಿಡಿದು, ಹಗ್ಗದ ಕೆಳಗೆ,
ಜೋತಾಡುವ ನೂರು ಪ್ಯಾಂಟುಗಳ ಕಾಲಿನ ನಡುವೆ
ಒಂದಕ್ಕೂ ತಾಗದೆ ದಾಟಬೇಕು. ತಾಗಿತೋ,
"ಏಯ್ ಹುಡುಗ್ರಾ, ಇನ್ನಾ ಆರಿಲ್ಲ!"
ಅಂತ ಜಡೆಪ್ಪ ಕೋಲು ಹುಡುಕುತ್ತಾನೆ.
ಐದಕ್ಕೆ ಹಿಂದಿಂದೆ ನಡೆ. ಅದರಲ್ಲಿ ಯಾರೂ ಗೆದ್ದಿಲ್ಲ.

ಆರು ಬಿದ್ದರೆ ಆಟ ಬಂದ್. ಎಲ್ಲರೂ ಮನೆಗೆ.
ಆದರೆ ಆ ಮಗ್ಗುಲಿನ ಒಂದು ಗುಂಡಿ ದೀಪಾವಳಿಗೇ ಉದುರಿತು.
ಈಗ ದಾಳದಲ್ಲಿ ಎರಡೆರಡು ಐದು.
"ಒಂದು ಗುಂಡಿ ಕೊಡವ್ವಾ,"
ಸುಂಕಮ್ಮ ಕೇಳಿದಳು, ಕೇಳಬೇಕಲ್ಲ ಅಂತ.
ದಿನಕ್ಕೆ ಎಂಟುನೂರು ಗುಂಡಿ ಕೂರಿಸುವ ಹುಲಿಗೆಮ್ಮ
ಸೇಠು ಈಗ ರಿಜೆಕ್ಟನ್ನೂ ಎಣಿಸ್ತಾನ ಮಗಾ, ಅಂದಳು.

ಮಂಗಳವಾರ ಮೂರಕ್ಕೆ ಕರೆಂಟು ಹೋಯಿತು.
ನಲವತ್ತು ಮಿಷಿನು ಮಾತಿನ ನಡುವೆ ನಿಂತವು.
ಆಗ ಗೊತ್ತಾಯಿತು, ನಮ್ಮ ಗಲ್ಲಿಯಲ್ಲೂ ಕಾಗೆಗಳಿವೆ.
ಹುಲಿಗೆಮ್ಮ ಮೊಣಕಾಲು ಒತ್ತಿಕೊಳ್ಳುತ್ತ ಹೊರಬಂದಳು,
ಬಿಸಿಲಿಗೆ ಕೈ ಅಡ್ಡ ಹಿಡಿದು.
"ಒಬ್ಬರು ಕಮ್ಮಿ ಅದೀವಿ, ಬಾರವ್ವಾ."
ಒಲ್ಲೆ ಅನ್ನುತ್ತಾಳೆ ಅಂದುಕೊಂಡಿದ್ದೆ.
ಸೆರಗು ಸಿಕ್ಕಿಸಿ, ದಾಳ ಎತ್ತಿ, ಅಲ್ಲಾಡಿಸಿ,
ಕಿವಿಯ ಹತ್ತಿರ ಹಿಡಿದು ಏನೋ ಕೇಳಿಸಿಕೊಂಡು
ಎಸೆದಳು.
ಎರಡು.
ಹನ್ನೊಂದು ವರ್ಷ ಪೆಡಲಿಗೆ ಕೊಟ್ಟ ಕಾಲನ್ನು ಮಡಚಿಕೊಂಡು
ಉಳಿದದ್ದರ ಮೇಲೆ
ಒಂಬತ್ತು ಗೋಣಿ ದಾಟಿದಳು. ಬಳೆಯ ಸದ್ದು ನನ್ನ ಕಿಟಕಿಗೂ ಬಂತು.
ಮತ್ತೆ ಒಂದು ಬಿತ್ತು.
ತಲೆ ಟೈರಿನ ಆ ಕಡೆ, ಕಾಲು ಈ ಕಡೆ,
ಅಷ್ಟರಲ್ಲಿ ಕರೆಂಟು ಬಂತು.

ಸೂಪರ್‌ವೈಸರ್ ಕೂಗಿದ. ಮಕ್ಕಳು ಎಳೆದರು, ಕೆಲವರು ಆ ಕಡೆಗೆ,
ಕೆಲವರು ಈ ಕಡೆಗೆ. ನಗುತ್ತ ಈ ಕಡೆಗೇ ಬಂದಳು, ಒಳಗೆ ಹೋದಳು.
ಸುಂಕಮ್ಮ ಅವಳ ಎಡಗಾಲಿನ ಚಪ್ಪಲಿಯನ್ನು
ಟೈರಿನ ನಡುವೆ ಇಟ್ಟಳು, ಜಾಗಕ್ಕೆ ಗುರುತು.
ಸಂಜೆ ಒಂದೇ ಚಪ್ಪಲಿಯಲ್ಲಿ ಮನೆಗೆ ಹೊರಟವಳನ್ನು ಕೇಳಿದರೆ
ನನ್ನ ಪಾಳಿ ಬಾಕಿ ಐತ್ರಿ, ಅಂದಳು.

ಬುಧವಾರ ಇಡೀ ದಿನ ಕರೆಂಟಿತ್ತು. ಗುರುವಾರವೂ.
ಚಪ್ಪಲಿ ಅಲ್ಲೇ ಇದೆ, ಅದರ ಸುತ್ತ ಆಟ ನಡೆದಿದೆ.

ಉದುರಿದ ಗುಂಡಿ ದೀಪಾವಳಿ ಮಾರನೆಯ ದಿನವೇ ಸಿಕ್ಕಿತ್ತು,
ನನ್ನ ಇಸ್ತ್ರಿ ಮೇಜಿನ ಕಂಬಳಿಯ ಮಡಿಕೆಯಲ್ಲಿ.
ಅಂಗಿಯ ಜೇಬಿನಲ್ಲಿದೆ. ಬಗ್ಗಿದಾಗ ಎದೆಗೆ ಒತ್ತುತ್ತದೆ.
ಹೊನ್ನೂರವಲಿ ಕಿಟಕಿಗೆ ಬಂದು ಕೇಳುತ್ತಾನೆ:
ಕಾಕಾ, ಗುಂಡಿ ಏನಾರ ಕಂಡ್ಯಾ?
ಪೆಟ್ಟಿಗೆ ಎತ್ತಿ ಹಿಡಿದು, ದೂರ ನಿಲ್ಲಲೇ, ಅನ್ನುತ್ತೇನೆ,
ಇನ್ನಾ ಆರಿಲ್ಲ.