ಹದಿನೈದು ಪದಕ್ಕೆ ತೊಂಬತ್ತು ರೂಪಾಯಿ

ಹೊಸಕೋಟೆ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ
ಜೆರಾಕ್ಸ್ ಅಂಗಡಿಯಲ್ಲಿ ಅರ್ಧ ಮೇಜು ನನ್ನದು.
ಪತ್ರಿಕೆ ವಾರಕ್ಕೊಮ್ಮೆ, ಸಂತೆಗೆ ಒಂದು ದಿನ ಮುಂಚೆ.
ಹದಿನೈದು ಪದಕ್ಕೆ ತೊಂಬತ್ತು,
ಮೇಲಿನ ಒಂದೊಂದಕ್ಕೂ ಆರು.
ಫೋನ್ ನಂಬರು ಎಷ್ಟುದ್ದವಿದ್ದರೂ ಒಂದೇ ಪದ.

ಬರುವವರಿಗೆ ಬಾಯಿ ತುಂಬ ಮಾತು.
ಜಡಿಗೇನಹಳ್ಳಿ ಸೊಣ್ಣಪ್ಪ ಟಿಲ್ಲರ್ ಮಾರಲು ಬಂದು
ಅದು ಕೆರೆ ಅಂಗಳದಲ್ಲಿ ಹೂತುಹೋದ ದಿನದಿಂದ ಶುರುಮಾಡುತ್ತಾನೆ.
ಎಳೆದವರ ಹೆಸರು, ಹಗ್ಗ ಕೊಟ್ಟವರ ಹೆಸರು,
ಹಗ್ಗ ವಾಪಸು ಕೊಡದೆ ಬಂದ ಜಗಳ.
ನಾನು ಬರೆಯುತ್ತೇನೆ: ಸುಸ್ಥಿತಿಯಲ್ಲಿದೆ.

ಸೂಲಿಬೆಲೆ ಖಲಂದರ್ ಸಾಬರ ನಲವತ್ತು ಚಂದ್ರಿಕೆ,
ಅವೂ ಸುಸ್ಥಿತಿಯಲ್ಲಿವೆ.
ಹುಳ ಸಾಕುವುದು ಯಾಕೆ ಬಿಟ್ಟಿರಿ ಎಂದು ಕೇಳುವುದಿಲ್ಲ.
ಕೇಳಿದರೆ ಹೇಳುತ್ತಾರೆ,
ಹೇಳಿದ್ದನ್ನು ಹೊಡೆಯಬೇಕಾಗುತ್ತದೆ.

ನನ್ನ ತಾತ ದನದ ದಲ್ಲಾಳಿ.
ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕೂರಿಸುತ್ತಿದ್ದ,
ಮೇಲೆ ನೋಡಿದರೆ ಇಬ್ಬರು ಗಂಡಸರು
ಮಳೆಯ ವಿಷಯ ಮಾತಾಡುತ್ತಿರುವ ಹಾಗೆ.
ಅವನ ವ್ಯಾಪಾರಕ್ಕೆ ಒಂದು ಪದವೂ ಖರ್ಚಾಗಲಿಲ್ಲ.
ಮೊಮ್ಮಗಳು ಪದ ಎಣಿಸಿ ಅನ್ನ ತಿನ್ನುತ್ತಾಳೆ.

ನಂದಗುಡಿ ಬ್ಯಾಟಪ್ಪನ ಹಸು ಹೀಗೆ ಅಚ್ಚಾಯಿತು:
ಮಾರಾಟಕ್ಕಿದೆ. ಸೀಮೆ ಹಸು, ಎರಡನೇ ಸೂಲು, ಆರು ಹಲ್ಲು,
ಸುಳಿ ಶುದ್ಧ, ದಿನಕ್ಕೆ ಹದಿನಾಲ್ಕು ಲೀಟರ್.
ಊರು, ಹೆಸರು, ನಂಬರು. ಸರಿಯಾಗಿ ಹದಿನೈದು.
"ಇನ್ನೊಂದು ಸೇರಿಸಮ್ಮ" ಅಂದಿದ್ದ,
"ರೇಡಿಯೋ ಹಾಕಿದರೆ ಮಾತ್ರ ಸೊರೆ ಬಿಡುತ್ತದೆ."
ಐದು ಪದ, ಮೂವತ್ತು ರೂಪಾಯಿ.
ಹಾಡಿಗಲ್ಲವಂತೆ. ಪೇಟೆ ಧಾರಣೆ ಓದುವ ಹೆಂಗಸಿನ ದನಿಗೆ.
ಬೀನ್ಸು, ಕ್ಯಾಪ್ಸಿಕಂ, ಗುಂಡು ಬದನೆ,
ಟೊಮೇಟೊ ಬಾಕ್ಸಿನ ರೇಟು ಬರುವಷ್ಟರಲ್ಲಿ
ಕೆಚ್ಚಲು ಇಳಿದಿರುತ್ತಿತ್ತಂತೆ.
ನಾನು ನಕ್ಕು ಗೀಟು ಹಾಕಿದೆ.
ಮೂವತ್ತು ಉಳಿಸಿದೆನಲ್ಲ ಎಂದು ಹೆಮ್ಮೆ ಬೇರೆ.

ಮೂರನೇ ವಾರ ಆವಲಹಳ್ಳಿಯಿಂದ ಚಿಕ್ಕಪಿಳ್ಳಮ್ಮ ಬಂದಳು,
ಕತ್ತರಿಸಿದ ಪೇಪರಿನ ತುಂಡು ಮೇಜಿನ ಮೇಲಿಟ್ಟಳು.
ಅಪಾರ್ಟ್‌ಮೆಂಟಿನ ಗೋಡೆಗೆ ಆತುಕೊಂಡ ಕೊಟ್ಟಿಗೆ ಅವಳದು.
ಹದಿನಾಲ್ಕನೇ ಮಹಡಿವರೆಗೂ ಹಾಲು ಹಾಕುತ್ತಾಳೆ,
ಅವಳಿಗೆ ಲಿಫ್ಟು ಹಿಂದಿನದು, ಕಸದ ಡಬ್ಬಗಳ ಪಕ್ಕದ್ದು.
"ಹದಿನಾಲ್ಕು ಅಂತ ಹಾಕಿದ್ದೀಯ. ನಾಲ್ಕು ಕೊಡ್ತದೆ.
ಅವನನ್ನ ಕೇಳಿದರೆ ನಿನ್ನ ಕಡೆ ಬೆರಳು ತೋರಿಸ್ತಾನೆ."

ಹೇಳಿದೆ. ಬೈಯಲಿ ಎಂದು ಕಾದೆ.
ಬೈಯಲಿಲ್ಲ. ಸೆರಗಿನ ಗಂಟಿನಿಂದ ತೊಂಬತ್ತು ಬಿಚ್ಚಿದಳು.
"ಬರಿ. ಬೇಕಾಗಿದೆ, ಹಳೇ ರೇಡಿಯೋ.
ಬೆಂಗಳೂರು ಸ್ಟೇಷನ್ ಹಿಡಿಯಬೇಕು. ಹಸುವಿಗೆ."
"ಹಸುವಿಗೆ ಬೇಡ ಬಿಡಿ, ಓದಿದವರು ನಗ್ತಾರೆ."
"ನಗಲಿ. ಯಾರಿಗೆ ಅಂತ ತಿಳಿದರೆ ಕೆಟ್ಟದ್ದು ಕೊಡೋಕೆ ಕೈ ಬರಲ್ಲ."
ಊರು, ಹೆಸರು, ನಂಬರು ಸೇರಿ ಹತ್ತು.
"ಇನ್ನೂ ಐದು ಮಿಕ್ಕಿವೆ" ಅಂದೆ.
"ನೀನೇ ಇಟ್ಟುಕೋ,
ಮತ್ತೊಬ್ಬರದು ಹೊಡೆಯುವಾಗ ನೆನಪಿಗೆ ಬರ್ತವೆ."

ಪೇಪರು ಹೊರಬಿದ್ದ ಮಧ್ಯಾಹ್ನವೇ ಬ್ಯಾಟಪ್ಪ ಬಂದ.
ಟವೆಲಿನಲ್ಲಿ ಸುತ್ತಿದ ರೇಡಿಯೋ,
ಗುಬುಟಿಗೆ ಸಗಣಿ ಒಣಗಿ ಅಂಟಿತ್ತು.
ಖಾಲಿ ಕೊಟ್ಟಿಗೆಯಲ್ಲಿ ಅದು ಒಂದೇ ಧಾರಣೆ ಓದುತ್ತಿತ್ತಂತೆ,
ಕೇಳುವವರಿಲ್ಲದೆ, ಬಾಕ್ಸಿಗೆ ಇಷ್ಟು, ಕೆಜಿಗೆ ಇಷ್ಟು.

"ಎಷ್ಟು ಹೇಳಲಿ ಅವಳಿಗೆ?"
ಟವೆಲು ಬಿಚ್ಚಿ ನನ್ನ ಕೈ ಮೇಲೆ ಹಾಸಿದ.
ಕೆಳಗೆ ಒಂದು ಬೆರಳನ್ನೂ ಹಿಡಿಯಲಿಲ್ಲ,
ಅಂಗೈಗೆ ಅಂಗೈ ಇಟ್ಟು ಸುಮ್ಮನೆ ತೆಗೆದ.
ಇದು ಎಷ್ಟು ಅಂತ ತಾತ ಹೇಳಿಕೊಟ್ಟಿರಲಿಲ್ಲ.

ಮೆಟ್ಟಿಲಿಳಿದವನು ಮತ್ತೆ ತಿರುಗಿದ:
"ಸೆಲ್ಲು ಮಾತ್ರ ಅವಳೇ ಹಾಕಿಕೊಳ್ಳಲಿ."